‘ಮನ ಕರಗಿತು’ ಎಂದು ಬರೆದವರಿಗೆಲ್ಲ ಹತ್ತಕ್ಕೆ ಒಂಬತ್ತು

ನಿಮ್ಮ ಪ್ರಶ್ನೆ ಇಷ್ಟು: ಬೀದರಿನಲ್ಲಿ ಫಾದರ್‌ಗಳು ನಡೆಸುವ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೀರಿ. ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳಂತೆ ವಿದ್ಯಾರ್ಥಿಗಳ ಕಲಿಕೆಯ ಜೊತೆಗೆ ‘ಬೆಳವಣಿಗೆ’ಯನ್ನೂ ಅಳೆಯುವ ಯೋಜನೆ ಬರೆದುಕೊಡಿ ಎಂದು ಆಡಳಿತ ಮಂಡಳಿ ಕೇಳಿದೆ. ನಿಮ್ಮ ಮಕ್ಕಳಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಎಲ್ಲಿಂದ ಶುರು ಮಾಡುವುದು?

ನಾನು ಕಲಬುರಗಿಯಲ್ಲಿ ಹದಿನಾರು ವರ್ಷದಿಂದ ಸಮಾಜಶಾಸ್ತ್ರ ಕಲಿಸುತ್ತಿದ್ದೇನೆ. ಎಂ.ಎ. ಓದಿದ್ದು ಜೆಸ್ಯುಟರು ಎಂಬ ಕ್ಯಾಥೊಲಿಕ್ ಗುರುಗಳ ಸಂಘ ನಡೆಸುವ ಸಂಸ್ಥೆಯೊಂದರಲ್ಲಿ. ಆ ಉತ್ಸಾಹದಲ್ಲಿ ನಮ್ಮ ಕಾಲೇಜಿಗೂ ಇದೇ ಕ್ರಮವನ್ನು ತಂದವನು ನಾನೇ, ಮೊದಲ ವರ್ಷ ಕೆಡಿಸಿದವನೂ ನಾನೇ. ಆದ್ದರಿಂದ ಕೆಟ್ಟದ್ದನ್ನೇ ಮೊದಲು ಹೇಳುತ್ತೇನೆ.

ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಏಳು ದಿನದ ಶಿಬಿರ. ಕುಡಿಯುವ ನೀರಿನ ಸಮೀಕ್ಷೆ ಮಾಡಬೇಕು, ದಿನಚರಿ ಬರೆಯಬೇಕು. ದಿನಚರಿಗೆ ಹತ್ತು ಆಂತರಿಕ ಅಂಕ ಇಟ್ಟೆವು. ನಲವತ್ತೆರಡು ನೋಟ್‌ಬುಕ್ ಬಂದವು. ಮುಕ್ಕಾಲು ಪಾಲಿನಲ್ಲಿ ‘ಹಳ್ಳಿಗರ ಕಷ್ಟ ಕಂಡು ನನ್ನ ಮನ ಕರಗಿತು’ ಎಂಬ ವಾಕ್ಯ ಅಕ್ಷರ ಬದಲಾಗದೆ ಇತ್ತು. ಜೇವರ್ಗಿ ಕಡೆಯ ಒಬ್ಬ ಹುಡುಗ ಮಾತ್ರ ಬೇರೆ ಬರೆದಿದ್ದ. ಮೂರನೆಯ ದಿನ ಒಬ್ಬ ಅಜ್ಜಿ, ‘ಹೋದ ವರ್ಷವೂ ನಿಮ್ಮಂಥವರು ಬಂದು ಬರೆದುಕೊಂಡು ಹೋದರು, ನೀರು ಬರಲಿಲ್ಲ. ನೀನು ಬರೆದುಕೊಂಡರೆ ಬರುತ್ತದೆಯೇನಪ್ಪ?’ ಎಂದು ಕೇಳಿದಳಂತೆ. ‘ಉತ್ತರ ತಿಳಿಯಲಿಲ್ಲ. ನಾಲ್ಕನೆಯ ದಿನ ನಾಚಿಕೆಯಾಗಿ ಆ ಓಣಿಗೆ ಹೋಗಲಿಲ್ಲ’ ಎಂದು ಅವನ ದಿನಚರಿ ಅಲ್ಲಿಗೇ ನಿಂತಿತ್ತು. ಅಪೂರ್ಣ ಎಂದು ಐದು ಅಂಕ ಕೊಟ್ಟೆ. ಮನ ಕರಗಿದವರಿಗೆಲ್ಲ ಒಂಬತ್ತು.

ಆ ನಲವತ್ತೆರಡು ಜನರಲ್ಲಿ ನಿಜವಾಗಿ ಏನಾದರೂ ಆದದ್ದು ಅವನಿಗೇ ಎಂಬುದು ನನಗೆ ಹೊಳೆದದ್ದು ಬೇಸಿಗೆ ರಜೆಯಲ್ಲಿ. ಮಕ್ಕಳ ತಪ್ಪಿಲ್ಲ. ಮನಸ್ಸಿಗೆ ಅಂಕವಿಟ್ಟರೆ ಮೇಷ್ಟರಿಗೆ ಬೇಕಾದ ಮನಸ್ಸನ್ನು ಬರೆದುಕೊಡುತ್ತಾರೆ. ಹನ್ನೆರಡು ವರ್ಷ ಶಾಲೆಯಲ್ಲಿ ಕಲಿತದ್ದು ಅದನ್ನೇ ಅಲ್ಲವೇ?

ಹಾಗಾಗಿ ಕಲಿಕೆಯನ್ನೂ ಬೆಳವಣಿಗೆಯನ್ನೂ ಒಂದೇ ಎಕ್ಸೆಲ್ ಹಾಳೆಗೆ ತುರುಕಬೇಡಿ. ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳ ಬಗ್ಗೆ ಪೋಪ್ ಎರಡನೆಯ ಜಾನ್ ಪಾಲ್ 1990ರಲ್ಲಿ ಹೊರಡಿಸಿದ ‘ಎಕ್ಸ್ ಕೊರ್ಡೆ ಎಕ್ಲೇಸಿಯೆ’ ಎಂಬ ಶಾಸನ ಪತ್ರದಲ್ಲೇ ಪ್ರತಿಯೊಬ್ಬರ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಪೂರ್ತಿ ಗೌರವಿಸಬೇಕು ಎಂದಿದೆ. ಆಡಳಿತ ಮಂಡಳಿಯ ಮುಂದೆ ಇದನ್ನು ಧೈರ್ಯವಾಗಿ ಇಡಿ. ವಿದ್ಯಾರ್ಥಿಯ ಭಕ್ತಿಯನ್ನು ಅಳೆಯಲು ಅವರ ಧರ್ಮಸಭೆಯೇ ಹೇಳಿಲ್ಲ. ಜೆಸ್ಯುಟರು 1993ರಲ್ಲಿ ರೂಪಿಸಿದ ಬೋಧನಾ ಕ್ರಮದಲ್ಲಿ ಐದು ಹಂತಗಳಿವೆ: ಹಿನ್ನೆಲೆ, ಅನುಭವ, ಮನನ, ಕ್ರಿಯೆ, ಮೌಲ್ಯಮಾಪನ. ನಾವು ಶಿಬಿರದಿಂದ ನೇರವಾಗಿ ಅಂಕಪಟ್ಟಿಗೆ ಹಾರಿದ್ದೆವು. ನಡುವಿನ ಮನನಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯನ್ನೂ ಇಟ್ಟಿರಲಿಲ್ಲ.

ಕಲಿಕೆಯ ಭಾಗ ಸುಲಭ, ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್ ದೆಸೆಯಿಂದ ನಿಮಗೂ ರೂಢಿಯಿರುತ್ತದೆ. ಆದರೆ ಫಲಿತಾಂಶದ ಶೇಕಡಾವಾರು ಬರೆದು ಕಡತ ಕಟ್ಟುವುದು ಮೌಲ್ಯಮಾಪನವಲ್ಲ. ನಾವೀಗ ಅಂತಿಮ ವರ್ಷದ ಇಪ್ಪತ್ತು ಪ್ರಾಜೆಕ್ಟ್ ವರದಿಗಳನ್ನು ಚೀಟಿ ಎತ್ತಿ ಆರಿಸುತ್ತೇವೆ, ಹೆಸರು ಮುಚ್ಚುತ್ತೇವೆ, ಇಬ್ಬರು ಅಧ್ಯಾಪಕರು ಬೇರೆಬೇರೆಯಾಗಿ ಓದುತ್ತಾರೆ. ಸಾಕ್ಷ್ಯ ಕೊಟ್ಟು ವಾದ ಮಾಡಿದ್ದಾರೆಯೇ, ತಮ್ಮ ವಾದಕ್ಕೆ ವಿರುದ್ಧವಾದದ್ದನ್ನು ಮುಟ್ಟಿದ್ದಾರೆಯೇ ಎಂಬ ಎರಡೇ ಪ್ರಶ್ನೆ. ಮೊದಲ ಸಲ ನಾವಿಬ್ಬರೂ ಅರ್ಧಕ್ಕರ್ಧ ವರದಿಗಳಲ್ಲಿ ಒಪ್ಪಲಿಲ್ಲ. ಆ ಜಗಳದಲ್ಲೇ ನಮ್ಮ ಪಾಠದ ಹುಳುಕು ಕಂಡಿತು: ವಿರುದ್ಧ ವಾದ ಎಂದರೇನೆಂದು ಮೂರು ವರ್ಷದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮರುವರ್ಷದಿಂದ ಎರಡನೆಯ ಸೆಮಿಸ್ಟರಿನಲ್ಲಿ ಅದಕ್ಕೆ ನಾಲ್ಕು ತರಗತಿ ಸೇರಿಸಿದೆವು.

ಇಲ್ಲಿ ಭಾಷೆಯ ಮಾತು ಬರುತ್ತದೆ, ನಮ್ಮ ಭಾಗದಲ್ಲಿ ಇದನ್ನು ಬಿಟ್ಟು ಏನನ್ನು ಅಳೆದರೂ ಸುಳ್ಳು. ಚಿಂಚೋಳಿಯ ಒಬ್ಬ ಹುಡುಗಿ ಶಿಬಿರದ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿದ್ದಳು. ‘ಕನ್ನಡದಲ್ಲಿ ಬರಿ’ ಎಂದೆ. ಒಂದು ಕೊಡ ನೀರಿಗಾಗಿ ಸರದಿ ನಿಂತವರಲ್ಲಿ ಯಾರು ಯಾವಾಗಲೂ ಕೊನೆಗೆ ನಿಲ್ಲುತ್ತಾರೆ, ಅವರ ಮನೆಗಳು ಊರಿನ ಯಾವ ದಿಕ್ಕಿಗಿವೆ ಎಂದು ಒಂದೂವರೆ ಪುಟ ಬರೆದಳು. ಅದು ನಾನು ಜಾತಿಯ ಬಗ್ಗೆ ಮಾಡಿದ ಪಾಠಕ್ಕಿಂತ ಚೆನ್ನಾಗಿತ್ತು. ಬೀದರಿನಲ್ಲಿ ಕನ್ನಡದ ಜೊತೆ ಉರ್ದು, ಮರಾಠಿಗೂ ಅವಕಾಶ ಕೊಡಿ. ಓದಬಲ್ಲ ಅಧ್ಯಾಪಕರು ನಿಮ್ಮಲ್ಲೇ ಸಿಗುತ್ತಾರೆ.

ಬೆಳವಣಿಗೆಗೆ ನಾವು ಅಂಕ ತೆಗೆದುಹಾಕಿದೆವು. ಶಿಬಿರದ ಹಾಜರಿಗೆ, ಸಮೀಕ್ಷೆಯ ಅಚ್ಚುಕಟ್ಟಿಗೆ ಅಂಕವಿದೆ, ಮನಸ್ಸಿಗೆ ಇಲ್ಲ. ಬದಲಿಗೆ ಪ್ರತಿ ಸೆಮಿಸ್ಟರಿಗೆ ಒಮ್ಮೆ ಒಬ್ಬೊಬ್ಬರ ಜೊತೆ ಹದಿನೈದು ನಿಮಿಷ ಕೂರುತ್ತೇವೆ. ‘ಈ ಆರು ತಿಂಗಳಲ್ಲಿ ಯಾವುದರ ಬಗ್ಗೆ ನಿನ್ನ ಅಭಿಪ್ರಾಯ ಬದಲಾಯಿತು? ಯಾಕೆ?’ ಇಷ್ಟೇ ಕೇಳುವುದು. ಉತ್ತರವನ್ನು ನಾಲ್ಕು ಸಾಲಿನಲ್ಲಿ ಬರೆದಿಟ್ಟುಕೊಳ್ಳುತ್ತೇವೆ. ಕೊನೆಯ ಸೆಮಿಸ್ಟರಿನಲ್ಲಿ ಮೊದಲಿನ ಸಾಲುಗಳನ್ನು ಅವರಿಗೇ ಓದಲು ಕೊಡುತ್ತೇವೆ. ನಗುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ಆ ಹಾಳೆ ಅವರದು, ಮನೆಯವರಿಗೂ ಆಡಳಿತ ಮಂಡಳಿಗೂ ಹೋಗುವುದಿಲ್ಲ. ಮಂಡಳಿಗೆ ಹೋಗುವುದು ಹೆಸರಿಲ್ಲದ ಒಟ್ಟು ಚಿತ್ರ ಮಾತ್ರ.

ಕ್ರೈಸ್ತರಲ್ಲದ ಮಕ್ಕಳ ಚಿಂತೆ ಬಿಡಿ. ‘ಸೇವೆ’ ಎಂದಾಗ ನಮ್ಮವರಿಗೆ ನೆನಪಾಗುವುದು ಪ್ರಮಾಣಪತ್ರ. ‘ದಾಸೋಹ’ ಎಂದು ನೋಡಿ, ಶರಣಬಸವೇಶ್ವರ ಗುಡಿಯಲ್ಲಿ ಉಂಡು ಬೆಳೆದ ಹುಡುಗರಿಗೆ ಕೊಡುವವನು ಬಾಗಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ವರ್ಷ ಒಂದೇ ವಿಭಾಗದಲ್ಲಿ ಮಾಡಿ, ಇಡೀ ಕಾಲೇಜಿಗೆ ಕೈಹಾಕಬೇಡಿ. ಇಪ್ಪತ್ತು ವರದಿಗಳಿಗೆ ಇಬ್ಬರಿಗೆ ಎರಡು ಮಧ್ಯಾಹ್ನ ಬೇಕು. ಫೆಬ್ರುವರಿಯಲ್ಲೇ ಮುಗಿಸಿಕೊಳ್ಳಿ. ಏಪ್ರಿಲ್‌ನಲ್ಲಿ ನಿಮ್ಮ ಬೀದರಿನ ಗಾಳಿಗೆ ಹೇಗೋ ಕೂರಬಹುದು, ನಮ್ಮ ಸ್ಟಾಫ್ ರೂಮಿನ ಫ್ಯಾನಿನ ಕೆಳಗಂತೂ ಆಗುವುದಿಲ್ಲ.