ಬಯಲುಸೀಮೆಯ ಗಿಡಗಳ ಒಳಗೂ ಆಂಟಿಬಯೋಟಿಕ್ ಮಾಡುವ ಫಂಗಸ್ ಇರುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಮಳೆಕಾಡಿನ ಗಿಡಗಳ ಒಳಗೆ ಬದುಕುವ ಫಂಗಸ್‌ನಿಂದ ಹೊಸ ಆಂಟಿಬಯೋಟಿಕ್ ಸಿಗುತ್ತದಂತೆ. ಬಾಗಲಕೋಟೆಯಂಥ ಒಣ ಊರಲ್ಲಿ ಬಿ.ಎಸ್ಸಿ ಓದುವವರು ಅದರ ಮೇಲೆ ಪ್ರಾಜೆಕ್ಟ್ ಮಾಡಬಹುದಾ? ಇಲ್ಲಿನ ಬೇವು, ಎಕ್ಕೆಯಲ್ಲೂ ಅದು ಇರುತ್ತಾ?

ಇರುತ್ತದೆ. ಪ್ರಾಜೆಕ್ಟೂ ಮಾಡಬಹುದು. ಆದರೆ ಲ್ಯಾಬಿನ ಪ್ಲೇಟಿನ (ಸೂಕ್ಷ್ಮಜೀವಿ ಬೆಳೆಸುವ ಪುಟ್ಟ ತಟ್ಟೆ) ಮೇಲೆ ಏನೋ ಸಿಕ್ಕ ಕೂಡಲೇ ಔಷಧಿ ಸಿಕ್ಕಿತು ಅಂದುಕೊಳ್ಳಬೇಡಿ. ನಾನು ಬೆಳಗಾವಿಯಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ ಮಾಡುವಾಗ ಹಾಗೆ ಅಂದುಕೊಂಡು ಕೆಟ್ಟವನು.

ಈ ಫಂಗಸ್‌ಗಳಿಗೆ ಎಂಡೋಫೈಟ್ ಅಂತ ಹೆಸರು. ಎಲೆಗೆ ಚುಕ್ಕಿ ರೋಗ ತರುವವು ಬೇರೆ. ಇವು ಆರೋಗ್ಯವಾಗಿರುವ ಎಲೆ, ಕಾಂಡ, ಬೇರಿನ ಒಳಗೇ ಸದ್ದಿಲ್ಲದೆ ಇರುತ್ತವೆ. ಹೊರಗಿನಿಂದ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ಪನಾಮಾದ ಕಾಡಿನಲ್ಲಿ ಎರಡೇ ಜಾತಿಯ ಮರಗಳಿಂದ 83 ಎಲೆ ತಂದು ನೋಡಿದವರಿಗೆ, ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವ 418 ಬಗೆಯ ಫಂಗಸ್ ಸಿಕ್ಕಿದವು. ಇದು 2000ದಲ್ಲಿ ಪ್ರಕಟವಾದ ಲೆಕ್ಕ. ಉಷ್ಣವಲಯದ ಕಾಡಿನ ಮೇಲೆ ಎಲ್ಲರ ಕಣ್ಣು ಬಿದ್ದಿರುವುದು ಇದಕ್ಕೇ. ಅಷ್ಟು ಜನ ಒಂದೇ ಮನೆಯಲ್ಲಿದ್ದರೆ ಜಾಗಕ್ಕೆ ಜಗಳ ಇದ್ದೇ ಇರುತ್ತದೆ ಅಲ್ವಾ? ಪಕ್ಕದವನನ್ನು ದೂರ ಇಡಲು ಅವು ಬಿಡುವ ರಾಸಾಯನಿಕಗಳಲ್ಲೇ ನಾವು ಆಂಟಿಬಯೋಟಿಕ್ ಹುಡುಕುವುದು.

ಬೇವಿನ ವಿಷಯಕ್ಕೆ ಬರೋಣ. 2009ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದವರೂ ಇದ್ದ ಒಂದು ತಂಡ, ಬೇವಿನ ಬೇರಿನೊಳಗಿದ್ದ ಕ್ಲೋರಿಡಿಯಂ ಎಂಬ ಫಂಗಸ್‌ನಿಂದ ಜವಾನಿಸಿನ್ ಅನ್ನುವ ವಸ್ತು ತೆಗೆಯಿತು. ಅದು ಸೂಡೋಮೊನಾಸ್ ಬ್ಯಾಕ್ಟೀರಿಯಾದ ಮೇಲೆ ಚೆನ್ನಾಗಿ ಕೆಲಸ ಮಾಡಿತು. ನಮ್ಮ ಕಡೆ ಹೊಲದ ಬದುವಿಗೊಂದು ಬೇವು ಇದ್ದೇ ಇರುತ್ತದೆ, ಕಾಡು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಗಂತ ಬೇವಿನ ಎಲೆ ಅಗಿದರೆ ಆಂಟಿಬಯೋಟಿಕ್ ತಿಂದಂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಯುಗಾದಿಯ ಬೇವು-ಬೆಲ್ಲದ ಜೊತೆ ನಾವೆಲ್ಲ ಒಂದಷ್ಟು ಎಂಡೋಫೈಟ್ ನುಂಗಿರುತ್ತೇವೆ. ಅದರಿಂದ ಯಾರ ಸೋಂಕೂ ವಾಸಿಯಾಗುವುದಿಲ್ಲ.

ಈಗ ನನ್ನ ಕಥೆ. ಖಾನಾಪುರ ತಾಲೂಕಿನ ಜಾಂಬೋಟಿ ಹತ್ತಿರ ಗೆಳೆಯನ ಮಾವನ ತೋಟ ಇದೆ. ಅಲ್ಲಿಂದ ದಾಲ್ಚಿನ್ನಿ ಎಲೆ ತಂದೆ. ದಾಲ್ಚಿನ್ನಿಯೇ ಯಾಕೆ ಅಂದರೆ, ಹೊಂಡುರಾಸ್ ದೇಶದ ಒಂದು ದಾಲ್ಚಿನ್ನಿ ಮರದಲ್ಲಿ ಸಿಕ್ಕ ಫಂಗಸ್‌ನ ಕಥೆ ಓದಿ ತಲೆ ತಿರುಗಿತ್ತು. ಹಲವು ಫಂಗಸ್ ಪ್ಲೇಟುಗಳನ್ನು ನುಸಿ ಕಾಟಕ್ಕೆ ಹೆದರಿ ಒಂದೇ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರಂತೆ. ಒಂದನ್ನು ಬಿಟ್ಟು ಉಳಿದವೆಲ್ಲ ಬೆಳೆಯುವುದನ್ನು ನಿಲ್ಲಿಸಿದವು, ಕೆಲವು ಸತ್ತೇ ಹೋದವು. ಆ ಒಂದು ಬಿಡುತ್ತಿದ್ದ ಆವಿಯೇ ಕಾರಣ. 2001ರಲ್ಲಿ ಅದಕ್ಕೆ ಮಸ್ಕೋಡರ್ ಆಲ್ಬಸ್ ಅಂತ ಹೆಸರಿಟ್ಟರು.

ನನ್ನ ಮೊದಲ ಸುತ್ತು ಪೂರ್ತಿ ದಂಡ. ಎಲ್ಲ ಪ್ಲೇಟಿನಲ್ಲೂ ಒಂದೇ ಹಸಿರು ಬೂಷ್ಟು, ರೊಟ್ಟಿ ಬುಟ್ಟಿಯಲ್ಲಿ ಬರುವಂಥದ್ದೇ. ಎಲೆಯ ಮೇಲಿನ ಧೂಳನ್ನೇ ಬೆಳೆಸಿದ್ದೆ. ಎರಡನೇ ಸಲ ನಿಧಾನಕ್ಕೆ ಮಾಡಿದೆ. ನಲ್ಲಿ ನೀರಲ್ಲಿ ತೊಳೆದು, 70% ಆಲ್ಕೋಹಾಲ್‌ನಲ್ಲಿ ಒಂದು ನಿಮಿಷ, ಬ್ಲೀಚ್ ದ್ರಾವಣದಲ್ಲಿ ಮೂರು ನಿಮಿಷ, ಮತ್ತೆ ಅರ್ಧ ನಿಮಿಷ ಆಲ್ಕೋಹಾಲ್, ಕೊನೆಗೆ ಸ್ಟೆರೈಲ್ ನೀರಲ್ಲಿ ಮೂರು ಸಲ ಜಾಲಿಸಿದೆ. ಆ ಕೊನೆಯ ನೀರನ್ನು ಚೆಲ್ಲದೆ ಒಂದು ಹನಿ ಬೇರೆ ಪ್ಲೇಟಿಗೆ ಹಾಕಿದೆ. ಅದರಲ್ಲಿ ಏನೂ ಬೆಳೆಯದಿದ್ದರೆ ಮಾತ್ರ ಮೇಲ್ಮೈ ಸ್ವಚ್ಛ ಅಂತ ಅರ್ಥ. ಈ ಒಂದು ಹನಿಯನ್ನು ದಯವಿಟ್ಟು ಮರೆಯಬೇಡಿ.

ಐದು ಮಿಲಿಮೀಟರಿನ ಚೂರುಗಳನ್ನು ಆಲೂಗಡ್ಡೆ-ಸಕ್ಕರೆಯ ಅಗಾರ್ (ಫಂಗಸ್ ಬೆಳೆಸುವ ಜೆಲ್ಲಿ) ಮೇಲೆ ಇಟ್ಟೆ. ಆರನೇ ದಿನ ಬೆಳಿಗ್ಗೆ ನೋಡಿದರೆ, ಒಂದು ಚೂರಿನ ಕತ್ತರಿಸಿದ ಅಂಚಿನಿಂದ ಮಾತ್ರ ಬಿಳಿ ನೂಲು ಹೊರಬಂದಿತ್ತು. ಎಲೆಯ ಬೆನ್ನು, ಹೊಟ್ಟೆ ಎರಡೂ ಹೊಳೆಯುತ್ತಿದ್ದವು. ಅಂಚಿನಿಂದ ಬಂತೆಂದರೆ ಒಳಗಿನದೇ. ಅದಕ್ಕೆ ದಾ-7 ಅಂತ ಹೆಸರಿಟ್ಟೆ.

ದಾ-7ನ್ನು ಮೂರು ವಾರ ದ್ರವದಲ್ಲಿ ಬೆಳೆಸಿ, ಈಥೈಲ್ ಅಸಿಟೇಟ್‌ನಿಂದ ಸಾರ ತೆಗೆದು, ಅದರಲ್ಲಿ ಅದ್ದಿದ ಕಾಗದದ ಡಿಸ್ಕನ್ನು ಸ್ಟ್ಯಾಫೈಲೋಕಾಕಸ್ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲೆ ಇಟ್ಟೆ. ಸುತ್ತ ಬ್ಯಾಕ್ಟೀರಿಯಾ ಬೆಳೆಯದ 14 ಮಿಲಿಮೀಟರಿನ ಸ್ವಚ್ಛ ಉಂಗುರ! ಆವತ್ತು ಕ್ಯಾಂಪಿನಲ್ಲಿ ಗೆಳೆಯರಿಗೆಲ್ಲ ಕುಂದಾ ತಿನ್ನಿಸಿದೆ. ಆಮೇಲೆ ಫಂಗಸ್ಸನ್ನು ಹೊಸ ಹೊಸ ಪ್ಲೇಟಿಗೆ ದಾಟಿಸುತ್ತಾ ಹೋದೆ. ಹಾಗೆ ಐದನೇ ಸಬ್‌ಕಲ್ಚರ್‌ಗೆ ಉಂಗುರ 8ಕ್ಕೆ ಇಳಿಯಿತು. ಏಳನೆಯದಕ್ಕೆ ಏನೂ ಇಲ್ಲ. ಫಂಗಸ್ ಮಾತ್ರ ದಷ್ಟಪುಷ್ಟವಾಗಿ ಬೆಳೆಯುತ್ತಲೇ ಇತ್ತು. ನಮ್ಮ ಗೈಡ್ ಮೇಡಂ ನಕ್ಕರು: "ಪುಕ್ಕಟ ಊಟ ಸಿಗಾಕತ್ತೈತಿ, ವೈರಿ ಯಾರೂ ಇಲ್ಲ. ಅದ್ಯಾಕ ದಣೀತೈತಿ?"

ಇದು ಈ ಕ್ಷೇತ್ರದ ಹಳೇ ತಲೆನೋವು. ಗಿಡದಿಂದ ಹೊರಬಂದ ಮೇಲೆ ಆ ರಾಸಾಯನಿಕ ಮಾಡಿಸುವ ಜೀನುಗಳು ಎಷ್ಟೋ ಸಲ ಸುಮ್ನೆ ಮಲಗಿಬಿಡುತ್ತವೆ. ಗಿಡದ ಸಾರ ಬೆರೆಸಿ, ಇನ್ನೊಂದು ಸೂಕ್ಷ್ಮಜೀವಿಯ ಜೊತೆ ಬೆಳೆಸಿ ಎಬ್ಬಿಸಲು ನೋಡುತ್ತಾರೆ. ಕೆಲವು ಸಲ ಏಳುತ್ತವೆ.

ಎದ್ದರೂ ಮುಗಿಯಲಿಲ್ಲ. ಕೋಸ್ಟಾರಿಕಾದ ಒಂದು ಮರದ ಎಂಡೋಫೈಟ್‌ನಿಂದ 2000ದಲ್ಲಿ ಗ್ವಾನಾಕಾಸ್ಟೆಪೀನ್ ಸಿಕ್ಕಿತು. ಬೇರೆ ಔಷಧಿಗೆ ಬಗ್ಗದ ಸ್ಟ್ಯಾಫೈಲೋಕಾಕಸ್‌ನ್ನೂ ಕೊಂದಿತು. ಆಮೇಲೆ ನೋಡಿದರೆ ಮನುಷ್ಯನ ಕೆಂಪು ರಕ್ತಕಣಗಳನ್ನೂ ಒಡೆಯುತ್ತಿತ್ತು. ಪ್ಲೇಟಿನ ಉಂಗುರ ಇದನ್ನೆಲ್ಲ ಹೇಳುವುದಿಲ್ಲ. ಫಿನಾಯಿಲ್ ಹಾಕಿದರೂ ಉಂಗುರ ಬರುತ್ತದೆ. ಉಂಗುರ ಅಳೆದು ಅಲ್ಲಿಗೇ ಮುಗಿಸುವ ಪೇಪರ್‌ಗಳೇ ಜಾಸ್ತಿ ಅನ್ನುವುದು ನನ್ನ ದೂರು. ನನ್ನ ಥೀಸಿಸ್ಸೂ ಅದೇ ಜಾತಿ, ಬಿಡಿ.

ಹಾಗಂತ ಔಷಧಿ ಅಂಗಡಿವರೆಗೆ ಯಾವುದೂ ತಲುಪಿಲ್ಲ ಅಂತೇನಲ್ಲ. ಜುನಿಪರ್ ಗಿಡದ ಎಲೆಯೊಳಗಿನ ಫಂಗಸ್ ಕೊಟ್ಟ ಎನ್‌ಫ್ಯೂಮಾಫಂಜಿನ್ ಎಂಬ ವಸ್ತುವನ್ನು ತಿದ್ದಿ ಐಬ್ರೆಕ್ಸಾಫಂಜರ್ಪ್ ಮಾತ್ರೆ ಮಾಡಿದರು. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಬ್ಯಾಕ್ಟೀರಿಯಾಕ್ಕಲ್ಲ, ಯೀಸ್ಟ್ ಸೋಂಕಿಗೆ. ಜುನಿಪರ್ ಮಳೆಕಾಡಿನ ಗಿಡವೂ ಅಲ್ಲ. ಆದ್ದರಿಂದ ಬಾಗಲಕೋಟೆ ಒಣ ಊರು ಅಂತ ಬೇಸರ ಬೇಡ. ಬಿಸಿಲು, ಬರ ತಡೆದು ನಿಂತ ಗಿಡದ ಒಳಗೆ ಏನಿದೆ ಅನ್ನುವುದು ಒಳ್ಳೆಯ ಪ್ರಶ್ನೆಯೇ.

ನಾಲ್ಕು ಮಳೆ ಬಿದ್ದ ಮೇಲೆ ಬಲಿತ ಎಲೆ ಕೀಳಿ, ಎಳೆ ಚಿಗುರಿಗಿಂತ ಅದರಲ್ಲಿ ಜಾಸ್ತಿ ಸಿಗುತ್ತವೆ. ಬ್ಯಾಕ್ಟೀರಿಯಾ ಕೆಲಸ ಕಾಲೇಜಿನ ಲ್ಯಾಬ್‌ನಲ್ಲೇ ಆಗಲಿ, ಮನೆಯಲ್ಲಿ ಬೇಡ. ಫಂಗಸ್ ಶುದ್ಧವಾಗಿ ಸಿಕ್ಕ ದಿನವೇ ಅದು ಬೆಳೆದ ಅಗಾರ್‌ನ ನಾಲ್ಕು ಚೂರು ಕತ್ತರಿಸಿ, ಸ್ಟೆರೈಲ್ ನೀರಿರುವ ಪುಟ್ಟ ಬಾಟಲಿಗೆ ಹಾಕಿ ಮುಚ್ಚಿಡಿ. ಖರ್ಚೇ ಇಲ್ಲ, ತಿಂಗಳುಗಟ್ಟಲೆ ಬದುಕಿರುತ್ತದೆ. ಬೇಕೆಂದಾಗ ಮೊದಲ ತಲೆಮಾರಿನಿಂದಲೇ ಮತ್ತೆ ಶುರು ಮಾಡಬಹುದು. ನನ್ನ ದಾ-7ಕ್ಕೆ ಅಂಥ ಬಾಟಲಿ ಇರಲಿಲ್ಲ.