ಗಾಡಿಗಳು ಮಾತಾಡುವುದು ಸರಿ, ದುಡ್ಡು ಕೊಡುವವರು ಯಾರು?

ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಇದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ನೀವು ಕೇಳಿದ್ದು ಇಷ್ಟು: ಎಲೆಕ್ಟ್ರಾನಿಕ್ಸ್‌ನಲ್ಲಿ ಐದು ವರ್ಷ ಅನುಭವ ಇದೆ, ಇಬ್ಬರು ಗೆಳೆಯರು ಜೊತೆಗಿದ್ದಾರೆ, ಕಾರುಗಳು ಒಂದಕ್ಕೊಂದು ವೈರ್‌ಲೆಸ್‌ನಲ್ಲಿ ಮಾತಾಡುವ ತಂತ್ರಜ್ಞಾನಕ್ಕೆ ಭಾರೀ ಮಾರುಕಟ್ಟೆ ಬರುತ್ತದೆ ಅಂತ ಎಲ್ಲ ಕಡೆ ಓದುತ್ತಿದ್ದೀರಿ, ಕಂಪನಿ ಶುರು ಮಾಡಿದರೆ ಯಾವ ಭಾಗ ಹಿಡಿಯಬೇಕು, ಯಾವ ಚಿಪ್ ಕೊಳ್ಳಬೇಕು. ನಾನು ಗಾಡಿಗೆ ಕೂರಿಸುವ ಟ್ರ್ಯಾಕಿಂಗ್ ಡಬ್ಬಿಗಳ ಫರ್ಮ್‌ವೇರ್, ಅಂದರೆ ಡಬ್ಬಿಯೊಳಗಿನ ಸಾಫ್ಟ್‌ವೇರ್, ಬರೆದುಕೊಂಡು ಬಹಳ ವರ್ಷ ಕಳೆದವನು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಗ್ರೀಸ್ ವಾಸನೆ ಇರುತ್ತದೆ, ಸಹಿಸಿಕೊಳ್ಳಿ.

'ಕನೆಕ್ಟೆಡ್ ವೆಹಿಕಲ್' ಅನ್ನುವ ಒಂದೇ ಹೆಸರಿನಲ್ಲಿ ಬೇರೆಬೇರೆ ಧಂದೆಗಳು ಸೇರಿಕೊಂಡಿವೆ. ಗಾಡಿಯೊಳಗೆ ಸಿಮ್ ಇಟ್ಟು ಅದನ್ನು ಸರ್ವರ್ ಜೊತೆ ಮಾತಾಡಿಸುವುದು ಒಂದು. ಇದು ಹಳೆಯದು, ಜನರಲ್ ಮೋಟರ್ಸ್ 1996ರಲ್ಲೇ ಆನ್‌ಸ್ಟಾರ್ ಅನ್ನುವ ಇಂಥ ಸೇವೆ ಶುರು ಮಾಡಿತ್ತು. ಗಾಡಿ ಮತ್ತು ಗಾಡಿ, ಗಾಡಿ ಮತ್ತು ಸಿಗ್ನಲ್ ಕಂಬ ನೇರವಾಗಿ ಮಾತಾಡುವುದು ಇನ್ನೊಂದು, ಇದಕ್ಕೆ ವಿ2ಎಕ್ಸ್ ಅನ್ನುತ್ತಾರೆ. ಪತ್ರಿಕೆಗಳಲ್ಲಿ ಬರುವ ಚಂದದ ಚಿತ್ರಗಳೆಲ್ಲ ಎರಡನೆಯದರದ್ದು. ಬಿಲ್ ಕಟ್ಟುವವರು ಹೆಚ್ಚಾಗಿ ಮೊದಲನೆಯದರ ಹತ್ತಿರ ಇರುತ್ತಾರೆ.

ವಿ2ಎಕ್ಸ್ ಕೆಟ್ಟ ತಂತ್ರಜ್ಞಾನ ಅಂತ ಹೇಳುತ್ತಿಲ್ಲ. ನಿಜ ಹೇಳಬೇಕೆಂದರೆ ಬಹಳ ಚೆಂದ ಇದೆ. ಪ್ರತಿ ಗಾಡಿ ಸೆಕೆಂಡಿಗೆ ಹತ್ತು ಸಲ ಒಂದು ಪುಟ್ಟ ಸಂದೇಶ ಬಿತ್ತರಿಸುತ್ತದೆ: ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ದಿಕ್ಕು, ಬ್ರೇಕ್ ಒತ್ತಿದ್ದೇನೆ. ಸುಮಾರು 300 ಮೀಟರ್ ದೂರದೊಳಗೆ ಇರುವವರೆಲ್ಲ ಕೇಳಿಸಿಕೊಳ್ಳುತ್ತಾರೆ. ಕ್ಯಾಮೆರಾಗೆ, ರೇಡಾರ್‌ಗೆ ಹೆಚ್ಚಾಗಿ ಮುಂದಿನ ಲಾರಿಯ ಬೆನ್ನು ಮಾತ್ರ ಕಾಣುತ್ತದೆ. ರೇಡಿಯೋಗೆ ಆ ಲಾರಿಯ ಮುಂದಿರುವ ಕಾರು ಬ್ರೇಕ್ ಹೊಡೆದದ್ದೂ ಗೊತ್ತಾಗುತ್ತದೆ.

ಸಮಸ್ಯೆ ಏನು ಗೊತ್ತಾ, ಇದು ಕೆಲಸ ಮಾಡಬೇಕಾದರೆ ಎರಡೂ ಗಾಡಿಯಲ್ಲಿ ಇರಬೇಕು. ಹತ್ತರಲ್ಲಿ ಒಂದು ಗಾಡಿಗೆ ಈ ರೇಡಿಯೋ ಇದೆ ಅಂದುಕೊಳ್ಳಿ. ಡಿಕ್ಕಿ ಹೊಡೆಯಲಿರುವ ಎರಡು ಗಾಡಿಗಳಲ್ಲೂ ಅದು ಇರುವ ಸಾಧ್ಯತೆ ನೂರರಲ್ಲಿ ಒಂದು. ಅಂದರೆ ಮೊದಲು ಕೊಂಡವನಿಗೆ ಲಾಭ ಹೆಚ್ಚುಕಮ್ಮಿ ಸೊನ್ನೆ. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ.

ಈ ಗಂಟು ಬಿಚ್ಚಲು ಕಾನೂನು ಬರಬೇಕಿತ್ತು. ಬರಲಿಲ್ಲ. ಅಮೆರಿಕದಲ್ಲಿ 1999ರಲ್ಲೇ 5.9 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ 75 ಮೆಗಾಹರ್ಟ್ಸ್ ಅಗಲದ ರೇಡಿಯೋ ತರಂಗಗಳ ಜಾಗ ಇದಕ್ಕಾಗಿ ಎತ್ತಿಟ್ಟರು. ಈ ರೇಡಿಯೋಗೆ ವೈಫೈನಿಂದ ಹುಟ್ಟಿದ 802.11ಪಿ ಅನ್ನುವ ಮಾನದಂಡ ಬಂದದ್ದು 2010ರಲ್ಲಿ. ಹೊಸ ಕಾರುಗಳಿಗೆಲ್ಲ ಕಡ್ಡಾಯ ಮಾಡುವ ಪ್ರಸ್ತಾಪ 2016ರ ಡಿಸೆಂಬರ್‌ನಲ್ಲಿ ಬಂತು, ಧೂಳು ತಿಂದು 2023ರಲ್ಲಿ ವಾಪಸ್ ಹೋಯಿತು. ಅಷ್ಟರಲ್ಲಿ ಮೊಬೈಲ್ ಕಡೆಯವರು 2017ರಲ್ಲಿ ತಮ್ಮದೇ ಸೆಲ್ಯುಲಾರ್ ವಿ2ಎಕ್ಸ್ ತಂದರು. ಎರಡು ರೇಡಿಯೋಗಳೂ ಒಂದರ ಮಾತು ಒಂದಕ್ಕೆ ಅರ್ಥವಾಗದವು. 2020ರಲ್ಲಿ 75ರಲ್ಲಿ 45 ಮೆಗಾಹರ್ಟ್ಸ್ ಕಿತ್ತು ವೈಫೈಗೆ ಕೊಟ್ಟರು, ಉಳಿದ 30 ಸೆಲ್ಯುಲಾರ್‌ನವರಿಗೆ ಅಂದರು. ಅದರ ಅಂತಿಮ ನಿಯಮ ಬಂದದ್ದು 2024ರ ನವೆಂಬರ್‌ನಲ್ಲಿ. 1999ರಿಂದ ಲೆಕ್ಕ ಹಾಕಿ, 25 ವರ್ಷ. ಹಳೆಯ 802.11ಪಿ ರೇಡಿಯೋ ನಂಬಿ ಹೂಡಿಕೆ ಮಾಡಿದವರ ಗತಿ ನೆನೆಸಿಕೊಳ್ಳಿ. ಮೂರು ಜನರ ಕಂಪನಿ ಇಷ್ಟು ವರ್ಷ ಕಾಯುವುದಕ್ಕೆ ಆಗುತ್ತದಾ? ದೊಡ್ಡವರು ಕಾಯಲಿ ಬಿಡಿ, ಅವರಿಗೆ ಬೇರೆ ಆದಾಯ ಇದೆ.

ಕಾನೂನು ಬಂದ ಕಡೆ ನೋಡಿ, ಚಿತ್ರವೇ ಬೇರೆ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆಲ್ಲ ಇಕಾಲ್ ಕಡ್ಡಾಯ: ಏರ್‌ಬ್ಯಾಗ್ ಸಿಡಿದರೆ ಗಾಡಿಯೇ 112ಕ್ಕೆ ಫೋನ್ ಮಾಡಿ ಜಾಗ ಹೇಳುತ್ತದೆ. ಅಲ್ಲಿ ಕಾರಿಗೊಂದು ಮಾಡೆಮ್, ಅಂದರೆ ಮೊಬೈಲ್ ನೆಟ್‌ವರ್ಕ್ ಹಿಡಿಯುವ ಭಾಗ, ಬೇಕೇ ಬೇಕಾಯಿತು. ಅಮೆರಿಕದಲ್ಲಿ ಲಾರಿ ಚಾಲಕರ ದುಡಿಮೆಯ ಗಂಟೆ ದಾಖಲಿಸುವ ಎಲೆಕ್ಟ್ರಾನಿಕ್ ಉಪಕರಣ 2017ರ ಡಿಸೆಂಬರ್‌ನಿಂದ ಕಡ್ಡಾಯವಾಯಿತು. ಸಣ್ಣಪುಟ್ಟ ಲಾರಿ ಮಾಲೀಕರಲ್ಲೂ ಹೆಚ್ಚಿನವರು ಕೊಳ್ಳಲೇಬೇಕಾಯಿತು. ನನಗೆ ಯಾರಾದರೂ 'ಮುಂದಿನ ಅವಕಾಶ ಎಲ್ಲಿದೆ' ಅಂತ ಕೇಳಿದರೆ ಮಾರುಕಟ್ಟೆ ವರದಿ ಓದಬೇಡಿ, ಸಾರಿಗೆ ಇಲಾಖೆಯ ಕರಡು ಅಧಿಸೂಚನೆ ಓದಿ ಅನ್ನುತ್ತೇನೆ. ಬೋರ್ ಹೊಡೆಸುತ್ತದೆ, ಗೊತ್ತು.

ವರದಿಗಳ ವಿಷಯ ಬಂತಲ್ಲ, ಒಂದು ಹೇಳಿಬಿಡುತ್ತೇನೆ. 2016ರಲ್ಲಿ ಮೆಕಿನ್ಸಿ ಅನ್ನುವ ಸಲಹಾ ಕಂಪನಿಯವರು ಕಾರಿನ ಡೇಟಾದಿಂದ 2030ರ ಹೊತ್ತಿಗೆ 450ರಿಂದ 750 ಶತಕೋಟಿ ಡಾಲರ್ ವ್ಯವಹಾರ ಆಗಬಹುದು ಅಂದರು. ಆ ಅಂಕಿ ಎಷ್ಟು ಪ್ರೆಸೆಂಟೇಷನ್‌ಗಳಲ್ಲಿ ಓಡಾಡಿತೋ ದೇವರೇ ಬಲ್ಲ. ಕಾರು ಕಂಪನಿಗಳಿಂದ ಡೇಟಾ ತಗೊಂಡು ಮಾರುವ ವೀಜೋ ಅನ್ನುವ ಬ್ರಿಟನ್ನಿನ ಕಂಪನಿ 2021ರಲ್ಲಿ ಷೇರು ಮಾರುಕಟ್ಟೆಗೆ ಬಂತು, 2023ರಲ್ಲಿ ದಿವಾಳಿಯ ಬಾಗಿಲಿಗೆ ಹೋಯಿತು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಡೇಟಾ ಬೇಕಾದಷ್ಟಿತ್ತು. ಅದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುವಷ್ಟು ತೊಂದರೆ ಯಾರಿಗೂ ಇರಲಿಲ್ಲ. ಇನ್ನು ಚಾಲಕನಿಗೆ ಸರಿಯಾಗಿ ಹೇಳದೆ ಅವನ ಡೇಟಾ ಮಾರಿದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇವೆ: ಜನರಲ್ ಮೋಟರ್ಸ್ ಮೇಲೆ ಅಮೆರಿಕದ ಗ್ರಾಹಕರ ಹಿತ ಕಾಯುವ ಸಂಸ್ಥೆ ಎಫ್‌ಟಿಸಿ 2025ರ ಜನವರಿಯಲ್ಲಿ ಕ್ರಮ ಕೈಗೊಂಡಿತು, ಚಾಲನೆಯ ಮತ್ತು ಲೊಕೇಷನ್ ಡೇಟಾವನ್ನು ಗ್ರಾಹಕರ ಬಗ್ಗೆ ವರದಿ ತಯಾರಿಸಿ ಮಾರುವ ಏಜೆನ್ಸಿಗಳಿಗೆ ಐದು ವರ್ಷ ಕೊಡಕೂಡದು ಅಂತ.

ಸ್ವಂತ ಕಾರಿನವರಿಂದ ಚಂದಾ ವಸೂಲಿಯೂ ಕಷ್ಟ. ಬಿಎಂಡಬ್ಲ್ಯು ಸೀಟು ಬಿಸಿ ಮಾಡುವುದಕ್ಕೆ ತಿಂಗಳ ಚಂದಾ ಇಟ್ಟು ಬೈಸಿಕೊಂಡು 2023ರಲ್ಲಿ ಕೈಬಿಟ್ಟಿತು. ಸೀಟಿನಲ್ಲಿ ಹೀಟರ್ ಆಗಲೇ ಇದೆ, ಅದಕ್ಕೆ ಬಾಡಿಗೆ ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ.

ಹಾಗಾದರೆ ಯಾರು ಕೊಡುತ್ತಾರೆ? ಈಗಾಗಲೇ ನಷ್ಟ ಅನುಭವಿಸುತ್ತಿರುವವನು ಕೊಡುತ್ತಾನೆ. ಔಷಧಿ ಸಾಗಿಸುವ ಶೀತಲ ಲಾರಿಯನ್ನು ತೆಗೆದುಕೊಳ್ಳಿ. ದಾರಿಯಲ್ಲಿ ಎಲ್ಲೋ ಬಾಗಿಲು ಅರ್ಧ ಗಂಟೆ ತೆರೆದಿತ್ತು, ಒಳಗಿನ ಉಷ್ಣಾಂಶ ಏರಿತು, ಇಳಿಸಿಕೊಳ್ಳುವವನು ಇಡೀ ಸರಕು ಬೇಡ ಅಂದ. ಒಂದು ಟ್ರಿಪ್‌ನ ನಷ್ಟದಲ್ಲಿ ನಿಮ್ಮ ಡಬ್ಬಿಗಳನ್ನು ಅವನ ಎಲ್ಲ ಲಾರಿಗಳಿಗೂ ಹಾಕಿಸಬಹುದು. ಆ ಮಾಲೀಕನಿಗೆ 5ಜಿ ಬೇಡ, ಕೃತಕ ಬುದ್ಧಿಮತ್ತೆ ಬೇಡ. ಬಾಗಿಲು ತೆರೆದ ಎರಡು ನಿಮಿಷಕ್ಕೆ ಅವನ ಫೋನು ಬಡಿದುಕೊಳ್ಳಬೇಕು, ಆಮೇಲೆ ಜಗಳ ಬಂದರೆ ತೋರಿಸಲು ದಾಖಲೆ ಇರಬೇಕು, ಅಷ್ಟೇ. ಬಾಡಿಗೆಗೆ ಜೆಸಿಬಿ ಕೊಡುವವನು, ಶಾಲಾ ಬಸ್ ಓಡಿಸುವವನು, ಸಾಲ ಕೊಟ್ಟು ಗಾಡಿ ಕಳೆದುಕೊಳ್ಳುವ ಫೈನಾನ್ಸ್‌ನವನು, ಎಲ್ಲರ ಕಥೆಯೂ ಇದೇ ಜಾತಿಯದು.

ಈಗ ಕೆಲಸದ ಮಾತು. ನೀವು ಎಲೆಕ್ಟ್ರಾನಿಕ್ಸ್‌ನವರಾದ್ದರಿಂದ ಇದು ಇಷ್ಟವಾಗಬಹುದು. ರೇಡಿಯೋ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಷ್ಟ ಇರುವುದು ಬ್ಯಾಟರಿಯಲ್ಲಿ. ನಾವು ಒಮ್ಮೆ ಒಂದಷ್ಟು ಗಾಡಿಗಳಿಗೆ ಡಬ್ಬಿ ಹಾಕಿಸಿದ್ದೆವು. ನಿದ್ದೆಯಲ್ಲಿ 4 ಮಿಲಿಆಂಪ್ ಮಾತ್ರ ಎಳೆಯುತ್ತದೆ ಅಂತ ಮೇಜಿನ ಮೇಲೆ ಅಳೆದು ನೋಡಿ ಹೆಮ್ಮೆ ಪಟ್ಟಿದ್ದೆವು. ತಿಂಗಳಾದ ಮೇಲೆ ಒಬ್ಬ ಗಿರಾಕಿ ಊರಿಂದ ವಾಪಸ್ ಬಂದು ಸೆಲ್ಫ್ ಹೊಡೆದರೆ ಟಿಕ್ ಅನ್ನುವ ಶಬ್ದ ಬಿಟ್ಟು ಏನೂ ಇಲ್ಲ. ಬ್ಯಾಟರಿ ಸತ್ತಿತ್ತು. ಬೈದ. ನಾವು ಮತ್ತೆ ಅಳೆದೆವು, 4 ಮಿಲಿಆಂಪ್. ಮತ್ತೆ ಅಳೆದೆವು, ಅದೇ 4.

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಜೊತೆಯವನೊಬ್ಬ ಕೇಳಿದ, ಅವರು ಗಾಡಿ ಎಲ್ಲಿ ನಿಲ್ಲಿಸಿದ್ದರು? ನೆಲಮಾಳಿಗೆಯಲ್ಲಿ. ಅಲ್ಲಿ ನೆಟ್‌ವರ್ಕ್ ಇಲ್ಲ. ನಮ್ಮ ಡಬ್ಬಿಯ ಆಂಟೆನಾವನ್ನು ಒಂದು ಸ್ಟೀಲ್ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದೆವು. ಮೀಟರ್ ಮುಳ್ಳು ಏರುತ್ತಾ ಏರುತ್ತಾ ಹೋಯಿತು. ಸಿಗ್ನಲ್ ಸಿಗದ ಮಾಡೆಮ್ ಮಲಗುತ್ತಲೇ ಇರಲಿಲ್ಲ, ಟವರ್ ಹುಡುಕುತ್ತಾ ಕೂತಿತ್ತು. ಸರಾಸರಿ 40 ಮಿಲಿಆಂಪ್ ಅಂದರೂ ದಿನಕ್ಕೆ ಬ್ಯಾಟರಿಯಿಂದ ಸುಮಾರು 1 ಆಂಪ್‌ಅವರ್ ಖಾಲಿ, ತಿಂಗಳಿಗೆ 29. ಅವರ ಗಾಡಿಯದು 45 ಆಂಪ್‌ಅವರ್‌ನ ಹಳೇ ಬ್ಯಾಟರಿ, ಗಾಡಿಯೂ ತನ್ನ ಪಾಲು ಎಳೆಯುತ್ತಿತ್ತು. ಲೆಕ್ಕ ಸರಿಹೋಯಿತು. ಹತ್ತು ಸಲ ಹುಡುಕಿ ಸಿಗದಿದ್ದರೆ ಆರು ಗಂಟೆ ಸುಮ್ನೆ ಮಲಗು ಅಂತ ಕೋಡ್‌ನಲ್ಲಿ ನಾಲ್ಕು ಸಾಲು ಬರೆದೆವು. ಆ ನಾಲ್ಕು ಸಾಲನ್ನು ಆಗಲೇ ರಸ್ತೆಯಲ್ಲಿದ್ದ ಡಬ್ಬಿಗಳಿಗೆ ಕಳಿಸುವುದು ಹೇಗೆ ಅನ್ನುವುದು ನಮ್ಮ ಮುಂದಿನ ತಿಂಗಳ ಗೋಳು.

ಇನ್ನೂ ಇವೆ. ಸೆಲ್ಫ್ ಹೊಡೆದಾಗ 12 ವೋಲ್ಟ್ ಕ್ಷಣಕಾಲ 6ರ ತನಕವೂ ಇಳಿಯಬಹುದು, ಅಷ್ಟರಲ್ಲೇ ಡಬ್ಬಿ ರೀಸ್ಟಾರ್ಟ್ ಆಗಿ ಅದೇ ಹೊತ್ತಿನಲ್ಲಿ ಬರೆಯುತ್ತಿದ್ದ ಫೈಲ್ ಕೆಡುತ್ತದೆ. ಆಂಟೆನಾವನ್ನು ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಕೆಳಗಿನ ಲೋಹದ ಪಟ್ಟಿಗೆ ಟೇಪ್ ಸುತ್ತಿ ಅಂಟಿಸಿರುತ್ತಾನೆ. ಇಂಥವನ್ನು ಯಾವ ವರದಿಯೂ ಬರೆಯುವುದಿಲ್ಲ, ಆದರೆ ಗಿರಾಕಿ ಎರಡನೇ ವರ್ಷ ಹಣ ಕಟ್ಟುತ್ತಾನೋ ಇಲ್ಲವೋ ತೀರ್ಮಾನ ಆಗುವುದು ಇಲ್ಲೇ.

ಮತ್ತೊಂದು ಜಾಗ ಇದೆ. ನನ್ನ ಪ್ರಕಾರ ನಿಮ್ಮಂಥ ಸಣ್ಣ ತಂಡಕ್ಕೆ ಅದೇ ಒಳ್ಳೆಯದು. ಗಾಡಿ ಹದಿನೈದು ವರ್ಷ ಓಡುತ್ತದೆ, ಮೊಬೈಲ್ ನೆಟ್‌ವರ್ಕ್ ಅಷ್ಟು ವರ್ಷ ಕಾಯುವುದಿಲ್ಲ. ಅಮೆರಿಕದಲ್ಲಿ ಎಟಿ ಆಂಡ್ ಟಿ ಅನ್ನುವ ಮೊಬೈಲ್ ಕಂಪನಿ 2022ರ ಫೆಬ್ರುವರಿಯಲ್ಲಿ 3ಜಿ ನಿಲ್ಲಿಸಿದಾಗ ಎಷ್ಟೋ ಕಾರುಗಳ ಮಾಡೆಮ್ ರಾತ್ರೋರಾತ್ರಿ ಮೂಕವಾಯಿತು, ಅಪಘಾತದ ಕರೆ ಸಮೇತ. ಎಂಜಿನ್ ಸರಿ ಇದೆ, ಟೈರ್ ಸರಿ ಇದೆ, ಮಾಡೆಮ್ ಮಾತ್ರ ಕೆಲಸಕ್ಕೆ ಬಾರದ್ದು. ಇಂಥ ಹಳೇ ಗಾಡಿಗಳಿಗೆ ಮಾಡೆಮ್ ಬದಲಿಸಿ ಕೊಡುವುದು ಮಜಾ ಇಲ್ಲದ, ಆದರೆ ಬೇಡಿಕೆ ಇರುವ ಕೆಲಸ.

ಭದ್ರತೆಯೂ ಹಾಗೇ. 2015ರಲ್ಲಿ ಇಬ್ಬರು ಸಂಶೋಧಕರು ದೂರದಲ್ಲಿ ಕೂತು ಮೊಬೈಲ್ ನೆಟ್‌ವರ್ಕ್ ಮೂಲಕ ಹೆದ್ದಾರಿಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ನಿಧಾನ ಮಾಡಿಸಿ ತೋರಿಸಿದರು. ಕಂಪನಿ 14 ಲಕ್ಷ ಗಾಡಿಗಳಿಗೆ ರೀಕಾಲ್ ಘೋಷಿಸಿತು. ದಾಳಿ ಗಾಳಿಯಲ್ಲಿ ಬಂತು, ಪರಿಹಾರ ಮಾತ್ರ ಯುಎಸ್‌ಬಿ ಡ್ರೈವ್‌ನಲ್ಲಿ ಅಂಚೆ ಮೂಲಕ ಹೋಯಿತು! ಇವತ್ತು ವಿಶ್ವಸಂಸ್ಥೆಯ ಆರ್155 ನಿಯಮ ಸೈಬರ್ ಭದ್ರತೆಗೆ, ಆರ್156 ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಇವೆ. ಆರ್155 ಯುರೋಪಿನಲ್ಲಿ 2024ರ ಜುಲೈನಿಂದ ಎಲ್ಲ ಹೊಸ ಕಾರುಗಳಿಗೂ ಅನ್ವಯ. ಪೋರ್ಶೆ ತನ್ನ ಪೆಟ್ರೋಲ್ ಮಕಾನ್ ಮಾದರಿಯನ್ನು ಆ ನಿಯಮಕ್ಕೆ ಹೊಂದಿಸುವ ಬದಲು ಅಲ್ಲಿ ಮಾರುವುದನ್ನೇ ನಿಲ್ಲಿಸಿತು. ಪೋರ್ಶೆಗೇ ಹೀಗಾದರೆ, ಅವರಿಗೆ ಬಿಡಿಭಾಗ ಕೊಡುವ ಎರಡನೇ, ಮೂರನೇ ಸಾಲಿನ ಕಂಪನಿಗಳ ಪಾಡು ಊಹಿಸಿ. ಅವರಿಗೆ ಪರೀಕ್ಷೆ ಮಾಡಿಕೊಡುವವರು ಬೇಕು, ಕಾಗದಪತ್ರ ಸಿದ್ಧ ಮಾಡಿಕೊಡುವವರು ಬೇಕು, ಅರ್ಧದಲ್ಲಿ ಕರೆಂಟ್ ಹೋದರೂ ಗಾಡಿ ಕೆಡದ ಹಾಗೆ ಅಪ್‌ಡೇಟ್ ಕಳಿಸುವುದು ಗೊತ್ತಿರುವವರು ಬೇಕು.

ಹಾಗಾಗಿ ನೀವು ಮೂವರೂ ವಿ2ಎಕ್ಸ್ ಚಿಪ್ ಹಿಂದೆ ಬೀಳಬೇಡಿ. ಕಲಿತುಕೊಂಡಿರಿ, ಆದರೆ ಅದನ್ನೇ ನಂಬಿ ಸಾಲ ಮಾಡಬೇಡಿ. ಒಂದೇ ಜಾತಿಯ ಗಿರಾಕಿ ಹಿಡಿಯಿರಿ, ಶೀತಲ ಲಾರಿ ಅಂದರೆ ಶೀತಲ ಲಾರಿ ಮಾತ್ರ. ಹತ್ತು ಗಾಡಿಗೆ ಹಾಕಿ ಆರು ತಿಂಗಳು ಓಡಿಸಿ, ಆಮೇಲೆ ನೂರರ ಮಾತು. 2025ರ ಸೆಪ್ಟೆಂಬರ್ 12ರಿಂದ ಯುರೋಪಿನ ಡೇಟಾ ಕಾಯ್ದೆ ಜಾರಿಯಲ್ಲಿದೆ, ಗಾಡಿ ಬಳಸುವವನು ತನ್ನ ಗಾಡಿಯ ಡೇಟಾವನ್ನು ತನಗೆ ಬೇಕಾದವರಿಗೆ ಕೊಡಿಸಬಹುದು. ಅಂದರೆ ಮುಂದೆ ಕೆಲವು ಕಡೆ ನಿಮ್ಮ ಡಬ್ಬಿಯೇ ಬೇಕಾಗದೆ ಹೋಗಬಹುದು. ಅದಕ್ಕೇ ಲಾಭವನ್ನು ಡಬ್ಬಿಯ ಬೆಲೆಯಲ್ಲಿ ಇಡಬೇಡಿ, ಎಚ್ಚರಿಕೆ ಕೊಡುವ, ದಾಖಲೆ ಇಡುವ ಸೇವೆಯಲ್ಲಿ ಇಡಿ.

ಯಾವ ಚಿಪ್ ಅಂತ ಕೇಳಿದ್ದಿರಲ್ಲ. 4ಜಿಯ ಯಾವುದಾದರೂ ಸಾದಾ ಕ್ಯಾಟ್ 1 (ಕಡಿಮೆ ವೇಗದ ವರ್ಗದ) ಮಾಡೆಮ್ ಸಾಕು, ವಾಹನಕ್ಕೆ ಅಂತಲೇ ಮಾಡಿದ ಉಷ್ಣಾಂಶದ ಶ್ರೇಣಿಯದ್ದು ತಗೊಳ್ಳಿ. ಜೊತೆಗೆ ಒಂದು ಒಳ್ಳೆಯ ಮೀಟರ್, ಮತ್ತೆ ಗಟ್ಟಿ ಮುಚ್ಚಳದ ಒಂದು ಸ್ಟೀಲ್ ಡಬ್ಬ.