ಅಮೆರಿಕದ ಮಾತಿನ ರೇಡಿಯೊದಲ್ಲಿ ಸಂಪ್ರದಾಯವಾದಿಗಳದ್ದೇ ಮೇಲುಗೈ ಏಕೆ?

ಮೊದಲ ಕಾರಣ, 1987ರಲ್ಲಿ ಒಂದು ನಿಯಮ ರದ್ದಾದದ್ದು. ವಿವಾದದ ವಿಷಯದಲ್ಲಿ ಒಂದು ಪಕ್ಷದ ವಾದವನ್ನು ಪ್ರಸಾರ ಮಾಡಿದ ನಿಲಯ ಎದುರು ಪಕ್ಷಕ್ಕೂ ಅವಕಾಶ ಕೊಡಬೇಕು ಎಂದು ಅಲ್ಲಿನ ಪ್ರಸಾರ ಆಯೋಗ 1949ರಿಂದ ವಿಧಿಸಿತ್ತು. ಒಬ್ಬನೇ ಕುಳಿತು ಗಂಟೆಗಟ್ಟಲೆ ಒಂದೇ ಪಕ್ಷ ಹಿಡಿದು ಮಾತನಾಡುವುದು ನಿಲಯದ ಮಾಲೀಕರಿಗೆ ತಲೆನೋವಾಗಿತ್ತು. ನಿಯಮವನ್ನು ಕಾನೂನಾಗಿಸುವ ಮಸೂದೆಗೆ ಅಧ್ಯಕ್ಷ ರೇಗನ್ ಅಂಕಿತ ಹಾಕಲಿಲ್ಲ. ಆಯೋಗ ನಿಯಮವನ್ನೇ ಕೈಬಿಟ್ಟಿತು. ಮರುವರ್ಷ, ಆಗಸ್ಟ್ 1988ರಲ್ಲಿ, ಸಂಪ್ರದಾಯವಾದಿ ನಿರೂಪಕ ರಷ್ ಲಿಂಬಾ ಅವರ ಮಾತಿನ ಕಾರ್ಯಕ್ರಮ ದೇಶವ್ಯಾಪಿಯಾಯಿತು.

ಆದರೆ ನಿಯಮ ಹೋದದ್ದು ಬಾಗಿಲು ತೆರೆಯಿತು, ಅಷ್ಟೇ. ಒಳಗೆ ಜಾಗವೂ ಖಾಲಿಯಿತ್ತು: ಸಂಗೀತವೆಲ್ಲ ಸ್ಪಷ್ಟ ಧ್ವನಿಯ ಎಫ್‌ಎಂಗೆ ಹೋದ ಮೇಲೆ ಎಎಂ ನಿಲಯಗಳು ಕೇಳುಗರಿಲ್ಲದೆ ಸೊರಗಿದ್ದವು. ಅಂಥ ನಿಲಯಗಳಿಗೆ ಲಿಂಬಾ ಅವರ ಮೂರು ಗಂಟೆಯ ಕಾರ್ಯಕ್ರಮ ಪುಕ್ಕಟೆಯಾಗಿ ಸಿಕ್ಕಿತು. ಬದಲಿಗೆ ಕೊಡಬೇಕಾದದ್ದು ಜಾಹೀರಾತಿನ ಕೆಲವು ನಿಮಿಷಗಳನ್ನು. ಮುಳುಗುತ್ತಿದ್ದ ಮಾಲೀಕ ಬೇಡವೆನ್ನುವುದುಂಟೇ?

ಕೇಳುಗರನ್ನು ಹಿಡಿದಿಟ್ಟದ್ದು ಮಾತ್ರ ರಂಜನೆ. ಲಿಂಬಾ ಮೊದಲು ಹಾಡು ಹಾಕುವ ನಿರೂಪಕ. ಅಣಕು ಹಾಡು, ಮಿಮಿಕ್ರಿ, ಅಬ್ಬರದ ಆತ್ಮಪ್ರಶಂಸೆ ಎಲ್ಲವೂ ಅವರಿಗೆ ಕರಗತ. ಪತ್ರಿಕೆಗಳೂ ಹಾಲಿವುಡ್ಡೂ ತಮ್ಮನ್ನು ಕೀಳಾಗಿ ಕಾಣುತ್ತವೆ ಎಂದುಕೊಂಡಿದ್ದವರಿಗೆ ಅಲ್ಲಿ ನಗಲು ಅವಕಾಶ ಸಿಕ್ಕಿತು. ಆ ನಗುವಿನಲ್ಲಿ ಕ್ರೌರ್ಯವೂ ಇತ್ತು ಎಂಬ ಆಕ್ಷೇಪ ಸುಳ್ಳಲ್ಲ. ಉದಾರವಾದಿಗಳು ಪೈಪೋಟಿಗೆಂದು 2004ರಲ್ಲಿ ಆರಂಭಿಸಿದ ಏರ್ ಅಮೆರಿಕ ಎಂಬ ರೇಡಿಯೊ ಜಾಲ 2010ರಲ್ಲಿ ಮುಚ್ಚಿತು. ಅದು ಶುರುವಾಗುವ ಹೊತ್ತಿಗೆ ನಿಲಯಗಳೂ ಕೇಳುಗರೂ ಆಗಲೇ ಹಂಚಿಹೋಗಿದ್ದರು.